ಸಹಾಯ ಬೇಕು: ಮಲ್ಟಿಪ್ಲೈ ಕಾನ್ಸ್ಟ್ ಸಾಕೇ, ಎಜಿಸಿ ಬೇಕೇ?

ಎಲ್ಲರಿಗೂ ನಮಸ್ಕಾರ. ಗ್ನೂ ರೇಡಿಯೋದಲ್ಲಿ (ಬ್ಲಾಕ್‌ಗಳನ್ನು ಜೋಡಿಸಿ ರೇಡಿಯೋ ಕಟ್ಟುವ ಸಾಫ್ಟ್‌ವೇರ್) ಎಎಂ ರಿಸೀವರ್ ಮಾಡುತ್ತಿದ್ದೇನೆ. ರೇಡಿಯೋ ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವ ಡೀಮಾಡ್ಯುಲೇಟರ್ ಆದ ಮೇಲೆ, ಸ್ಪೀಕರ್‌ಗೆ ಧ್ವನಿ ಕಳಿಸುವ ಆಡಿಯೋ ಸಿಂಕ್‌ಗೆ ಮುಂಚೆ, ಸಿಗ್ನಲ್ ಅನ್ನು ಒಂದು ಸ್ಥಿರಾಂಕದಿಂದ ಗುಣಿಸುವ ಮಲ್ಟಿಪ್ಲೈ ಕಾನ್ಸ್ಟ್ ಬ್ಲಾಕ್ ಇದೆ. ಅದಕ್ಕೆ 0.5 ಕೊಟ್ಟರೆ (ಅಂದರೆ 6 ಡಿಬಿ ಇಳಿಕೆ) ದುರ್ಬಲ ಸ್ಟೇಷನ್ ಕಿವಿಗೇ ಬೀಳುವುದಿಲ್ಲ. 4 ಕೊಟ್ಟರೆ ಪ್ರಬಲ ಸ್ಟೇಷನ್ ಕರಕರ ಅನ್ನುತ್ತದೆ. ಟೈಮ್ ಸಿಂಕ್‌ನಲ್ಲಿ (ಅಲೆಯ ಗ್ರಾಫ್ ತೋರಿಸುವ ಬ್ಲಾಕ್) ನೋಡಿದರೆ ಅಲೆ, ಆಡಿಯೋ ಸಿಂಕ್‌ನ ಮಿತಿಯಾದ +1, -1 ಗೆರೆಗಳನ್ನು ದಾಟಿ ಹೋಗಿರುತ್ತದೆ. ಗುಣಿಸಿದರೆ ಗದ್ದಲವೂ ಅಷ್ಟೇ ಪಟ್ಟು ಏರುತ್ತದೆ, ಅದು ಗೊತ್ತು. ನನಗೆ ಬೇಕಿರುವುದು ಸಮ ಮಟ್ಟದ ಧ್ವನಿ ಮಾತ್ರ.

ಎರಡಕ್ಕೂ ಹೊಂದುವ ಒಂದೇ ಸ್ಥಿರಾಂಕ ಹುಡುಕುವುದರಲ್ಲಿ ಅರ್ಥ ಇದೆಯೇ, ಇಲ್ಲ ಡೀಮಾಡ್ಯುಲೇಟರ್‌ಗೆ ಮುಂಚೆ ಎಜಿಸಿ (ಸಿಗ್ನಲ್ ಬಲಕ್ಕೆ ತಕ್ಕಂತೆ ವರ್ಧನೆಯನ್ನು ತಾನೇ ಹೊಂದಿಸುವ ಬ್ಲಾಕ್) ಹಾಕಲೇಬೇಕೇ? ಎಜಿಸಿ ತೀರಾ ವೇಗವಾದರೆ ಮಾತಿನ ಏರಿಳಿತವನ್ನೇ ಚಪ್ಪಟೆ ಮಾಡಿಬಿಡುತ್ತದೆ. ಅಟ್ಯಾಕ್, ಡಿಕೇ ರೇಟ್ (ಸಿಗ್ನಲ್ ಏರಿದಾಗ ವರ್ಧನೆ ಇಳಿಸುವ, ಇಳಿದಾಗ ಏರಿಸುವ ವೇಗ) ನೀವು ಎಷ್ಟಿಡುತ್ತೀರಿ? ಬಲ್ಲವರು ದಯವಿಟ್ಟು ತಿಳಿಸಿ.