ಅಪ್‌ಡೇಟ್: ಕಾಕಾ ಈಗ ಕೀಲಿಮಣೆಯಲ್ಲೇ ಬರೆಯುತ್ತಿದ್ದಾರೆ

ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ, ವಿಜಯಪುರದಲ್ಲಿರುವ ನಮ್ಮ ಕಾಕಾ ಕನ್ನಡದಲ್ಲಿ ಬರೆಯಲು ಟಚ್ ಸ್ಕ್ರೀನ್ ಸಾಕೇ, ಕೀಲಿಮಣೆ ಬೇಕೇ ಎಂದು ಹಿಂದಿನ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ಮೊದಲು ಮೊಬೈಲಿನ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಪ್ರಯತ್ನಿಸಿದೆವು. ಕರೆ ಮಾಡಲು, ಸಂದೇಶ ಕೇಳಲು ಚೆನ್ನಾಗಿದೆ. ಆದರೆ ಬರೆಯುವಾಗ ನುಣುಪಾದ ಗಾಜಿನ ಮೇಲೆ ಬೆರಳಾಡಿಸಿ ಒಂದೊಂದು ಅಕ್ಷರ ಹುಡುಕಬೇಕು; ಒತ್ತಕ್ಷರ ಬಂದರೆ ಕಾಕಾ ಬೇಸತ್ತು ಮೊಬೈಲ್ ಕೆಳಗಿಡುತ್ತಿದ್ದರು.

ಫಲ ಕೊಟ್ಟದ್ದು ಹಳೆಯ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಹಾಕಿ, ಇನ್‌ಸ್ಕ್ರಿಪ್ಟ್ (ಕನ್ನಡ ಕೀಲಿಮಣೆಯ ಒಂದು ವಿನ್ಯಾಸ) ಕಲಿಸಿ ಎಂದವರ ಸಲಹೆ. ಎನ್‌ವಿಡಿಎ ಉಚಿತ, ಅದರೊಂದಿಗೇ ಬರುವ ಇಸ್ಪೀಕ್ ಎಂಬ ಓದುವ ಧ್ವನಿ ಕನ್ನಡವನ್ನೂ ಓದುತ್ತದೆ. ಧ್ವನಿ ಯಾಂತ್ರಿಕವಾಗಿದೆ, ಎರಡು ದಿನದಲ್ಲಿ ಕಿವಿಗೆ ಒಗ್ಗಿತು. ಬೆರಳಿಡುವ ಜಾಗದ ಗುರುತಿಗೆ ಕೀಲಿಗಳ ಮೇಲೆ ಸ್ಟಿಕ್ಕರ್ ಅಂಟಿಸುವ ಸಲಹೆ ಬೇಕಾಗಲಿಲ್ಲ: ಎಫ್ ಮತ್ತು ಜೆ ಕೀಲಿಗಳ ಮೇಲೆ ಉಬ್ಬುಗೆರೆ ಮೊದಲೇ ಇರುತ್ತದೆ. ಇಷ್ಟು ವರ್ಷ ನಾನದನ್ನು ಗಮನಿಸಿಯೇ ಇರಲಿಲ್ಲ!

ಇನ್ನೊಂದು ಅಚ್ಚರಿ, ಇನ್‌ಸ್ಕ್ರಿಪ್ಟಿನಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ನಿವೃತ್ತ ಶಿಕ್ಷಕರಾದ ಕಾಕಾ, “ಇದು ವರ್ಣಮಾಲೆಯ ಪಾಠದಂತೆಯೇ ಇದೆಯಲ್ಲ” ಎಂದರು. ನಿನ್ನೆ ಬಾಗಲಕೋಟೆಯ ಅತ್ತೆಗೆ ಅರ್ಧ ಪುಟದ ಪತ್ರ ಬರೆದರು, ಯಾರ ನೆರವೂ ಇಲ್ಲದೆ.