ಪದಚರ್ಚೆ: ಕ್ರೀಡಾ ಮನೋವಿಜ್ಞಾನದ ‘ಅರೌಸಲ್’ಗೆ ಕನ್ನಡದಲ್ಲಿ ಏನೆನ್ನಬೇಕು? (ಸೋಮವಾರದೊಳಗೆ ಬೇಕಾಗಿದೆ)

ಅನುವಾದಕಿ, ಶಿವಮೊಗ್ಗ

ಮಾನ್ಯರೇ,

ಕ್ರೀಡಾ ವಸತಿನಿಲಯಗಳ ತರಬೇತುದಾರರಿಗಾಗಿ ಇಂಗ್ಲಿಷಿನಲ್ಲಿರುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಹುಪಾಲು ಮುಗಿದಿದೆ. ‘ಕಾನ್‌ಸಂಟ್ರೇಷನ್’ಗೆ ಏಕಾಗ್ರತೆ, ‘ಸೆಲ್ಫ್ ಟಾಕ್’ಗೆ ತನ್ನೊಡನೆ ಮಾತು ಎಂದು ಬರೆದುಕೊಂಡು ಬಂದವಳು ನಾಲ್ಕನೆಯ ಅಧ್ಯಾಯದಲ್ಲಿ ‘ಅರೌಸಲ್’ ಎಂಬ ಪದದ ಮುಂದೆ ನಿಂತುಬಿಟ್ಟಿದ್ದೇನೆ. ಆಟಗಾರ ಕಣಕ್ಕಿಳಿಯುವ ಹೊತ್ತಿಗೆ ಅವನ ಮೈಮನಸ್ಸುಗಳು ಎಷ್ಟರಮಟ್ಟಿಗೆ ಎಚ್ಚೆತ್ತು ಸಜ್ಜಾಗಿವೆ ಎಂಬುದರ ಅಳತೆ ಅದು. ಅದರ ಒಂದು ತುದಿಯಲ್ಲಿ ಗಾಢ ನಿದ್ದೆಯಿದ್ದರೆ ಇನ್ನೊಂದು ತುದಿಯಲ್ಲಿ ಕೈಕಾಲು ನಡುಗುವ ಸ್ಥಿತಿಯಿದೆ. ಅಳತೆ ಏರಿದಂತೆ ಆಟ ಒಂದು ಮಟ್ಟದವರೆಗೆ ಕಳೆಗಟ್ಟಿ, ಆಮೇಲೆ ಕುಸಿಯುತ್ತದೆ ಎಂದು ತೋರಿಸುವ ಗುಡ್ಡದಾಕಾರದ ರೇಖೆಯೂ ಪುಸ್ತಕದಲ್ಲಿದೆ. ನಿಘಂಟಿನಲ್ಲಿ ಸಿಗುವುದು ‘ಉದ್ರೇಕ’. ಹದಿನಾಲ್ಕು ವರ್ಷದ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಯಾವ ತರಬೇತುದಾರರೂ ಆ ಪದವನ್ನು ಆಡಲಾರರು.

ಜೊತೆಗೆ, ಕ್ರೀಡಾಂಗಣದಲ್ಲಿ ಆಟಗಾರರ ಮನಸ್ಸನ್ನು ಸಜ್ಜುಗೊಳಿಸುವ ಕೆಲಸಕ್ಕೆಂದು ಬಿಟ್ಟುಕೊಟ್ಟಿರುವ ಕೋಣೆಯ ಫಲಕಕ್ಕೆ ‘ಮನೋಸ್ಥೈರ್ಯ ತರಬೇತಿ ಕೊಠಡಿ’ ಎಂದು ಬರೆಸಬೇಕೆಂದಿದ್ದಾರೆ. ಇದು ಸರಿಯೇ? ಪುಸ್ತಕ ಸೋಮವಾರ ಅಚ್ಚಿಗೆ ಹೋಗುತ್ತದೆ.

ನಿವೃತ್ತ ಅಧ್ಯಾಪಕ, ಮೈಸೂರು

ಫಲಕ ತಪ್ಪು. ‘ಮನಃ’ ಎಂಬುದಕ್ಕೆ ವ್ಯಂಜನ ಪರವಾದಾಗ, ಅದು ಗ, ದ, ಬ, ವಗಳಂಥ ಘೋಷ ವ್ಯಂಜನವಾದರೆ ಮಾತ್ರ ವಿಸರ್ಗ ಓಕಾರವಾಗುತ್ತದೆ. ಮನೋಬಲ, ಮನೋವಿಜ್ಞಾನ ಸಾಧು. ಸಕಾರ ಪರವಾದರೆ ಮನಃಸ್ಥೈರ್ಯ ಎಂದೇ ಆಗಬೇಕು. ಪತ್ರಿಕೆಗಳು ದಿನವೂ ಬರೆಯುತ್ತವೆ ಎಂಬ ಕಾರಣಕ್ಕೆ ‘ಮನೋಸ್ಥೈರ್ಯ’ ಸರಿಯಾಗುವುದಿಲ್ಲ. ಸರ್ಕಾರಿ ಫಲಕದಲ್ಲಿ ಅಂಥದ್ದನ್ನು ಬರೆಸಿದರೆ ಮಕ್ಕಳು ಅದನ್ನೇ ಕಲಿಯುತ್ತಾರೆ.

‘ಅರೌಸಲ್’ಗೆ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ರಸಶಾಸ್ತ್ರದಲ್ಲಿ ‘ಉದ್ದೀಪನ’ ಎಂಬ ಮಾತು ಸಾವಿರ ವರ್ಷಕ್ಕೂ ಹಿಂದಿನಿಂದ ಬಳಕೆಯಲ್ಲಿದೆ. ಉತ್ ಎಂದರೆ ಮೇಲಕ್ಕೆ, ದೀಪನ ಎಂದರೆ ಉರಿಸುವುದು. ಒಳಗಿನ ಭಾವವನ್ನು ಹೊತ್ತಿಸಿ ಮೇಲೆಬ್ಬಿಸುವುದು. ಇದಕ್ಕಿಂತ ಒಪ್ಪುವ ಪದ ಸಿಗದು.

ಓದುಗ, ಬೆಂಗಳೂರು

ಸಂಸ್ಕೃತದಿಂದ ತಂದರೆ ಅದು ನಮ್ಮದು, ಇಂಗ್ಲಿಷಿನಿಂದ ತಂದರೆ ಮಾತ್ರ ಎರವಲು ಎನ್ನುವ ವಾದವನ್ನು ನಾನು ಎಂದೂ ಒಪ್ಪಿಲ್ಲ, ಈಗಲೂ ಒಪ್ಪುವುದಿಲ್ಲ. ಮನಸ್ಸಿಗೆ ಹಳಗನ್ನಡದಲ್ಲಿ ‘ಬಗೆ’ ಎಂಬ ಸೊಗಸಾದ ಮಾತಿದೆ. ಕ್ರೀಡಾ ಮನೋವಿಜ್ಞಾನವನ್ನು ‘ಆಟದ ಬಗೆಯರಿಮೆ’ ಎನ್ನಬಹುದು. ‘ಅರೌಸಲ್’ಗೆ ‘ಕೆರಳಿಕೆ’ ಸಾಕು. ಕೆರಳು ಎಂಬುದು ಅಚ್ಚಗನ್ನಡ, ಎಲ್ಲರಿಗೂ ತಿಳಿದದ್ದು. ವಿಸರ್ಗದ ಲೆಕ್ಕಾಚಾರ ಕುಸ್ತಿಯಾಡುವ ಹುಡುಗನಿಗೆ ಏಕೆ ಬೇಕು ಎಂಬುದನ್ನು ಅಧ್ಯಾಪಕರು ದಯವಿಟ್ಟು ತಿಳಿಸಲಿ.

ನಿವೃತ್ತ ಅಧ್ಯಾಪಕ, ಮೈಸೂರು

ಕೆರಳುವುದು ಎಂದರೆ ಸಿಟ್ಟಿಗೇಳುವುದು. ಹುಣ್ಣು ಕೆರಳುತ್ತದೆ, ಹಾವು ಕೆರಳುತ್ತದೆ. ಈ ಸಲಹೆ ಚರ್ಚೆಗೆ ಯೋಗ್ಯವಲ್ಲ.

ನಿವೃತ್ತ ಕಬಡ್ಡಿ ತರಬೇತುದಾರ, ಧಾರವಾಡ

ಸಹೋದರಿಯವರೇ,

ಭಾಷಾಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ನೀವು ಹೇಳುವ ಆ ಅಳತೆಯನ್ನು ಸುಮಾರು ಮೂವತ್ತು ವರ್ಷ ಕಣ್ಣಳತೆಯಲ್ಲೇ ಅಳೆಯುತ್ತ ಬಂದವನಾದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

‘ಉದ್ದೀಪನ’ವನ್ನು ಈ ಪುಸ್ತಕದಲ್ಲಿ ದಯವಿಟ್ಟು ಬಳಸಬೇಡಿ. ಕನ್ನಡದ ಕ್ರೀಡಾಪುಟಗಳಲ್ಲಿ ಡೋಪಿಂಗ್ ಪ್ರಕರಣ ಬಂದಾಗಲೆಲ್ಲ ಅಚ್ಚಾಗುವುದು ‘ಉದ್ದೀಪನ ಮದ್ದು’ ಎಂದೇ. ವಸತಿನಿಲಯದ ಮಕ್ಕಳು ಆ ಪದವನ್ನು ಕಲಿಯುವುದು ಆ ಸುದ್ದಿಗಳಿಂದ. ‘ಪಂದ್ಯಕ್ಕೆ ಮುನ್ನ ನಿಮ್ಮ ಉದ್ದೀಪನದ ಮಟ್ಟವನ್ನು ಹೆಚ್ಚಿಸಿಕೊಳ್ಳಿ’ ಎಂದು ಸರ್ಕಾರ ಹಂಚುವ ಪುಸ್ತಕದಲ್ಲಿ ಅಚ್ಚಾದರೆ ಹುಡುಗರು ಅದನ್ನು ಹೇಗೆ ಓದಿಕೊಳ್ಳುತ್ತಾರೆಂದು ಯೋಚಿಸಿ.

ಗುರುಗಳು ರಸಶಾಸ್ತ್ರವನ್ನು ನೆನೆದರು. ವಿದ್ಯಾರ್ಥಿಯಾಗಿದ್ದಾಗ ನಾನು ಓದಿಕೊಂಡಂತೆ ಉದ್ದೀಪನ ಎಂಬುದು ವಿಭಾವದ ಒಂದು ಬಗೆ. ಬೆಳುದಿಂಗಳು, ತಂಗಾಳಿ, ಉಪವನ ಇವು ಉದ್ದೀಪನ. ಅಂದರೆ ಭಾವವನ್ನು ಎಬ್ಬಿಸುವ ಹೊರಗಿನ ಕಾರಣಗಳು. ಎದ್ದ ಸ್ಥಿತಿಗೆ ಆ ಹೆಸರಿಲ್ಲ. ಪ್ರೇಕ್ಷಕರ ಕೂಗು, ರೆಫ್ರಿಯ ಸೀಟಿ, ಎದುರಾಳಿ ತೊಡೆ ತಟ್ಟುವ ಸದ್ದು ಇವೆಲ್ಲ ಉದ್ದೀಪನವಾಗಬಹುದು, ಆದರೆ ಅವುಗಳಿಂದ ಹುಡುಗನ ಒಳಗೆ ಆಗುವುದಕ್ಕೆ ಬೇರೆ ಹೆಸರು ಬೇಕು. ನಿಮ್ಮ ಪುಸ್ತಕದ ಆ ಗುಡ್ಡದಾಕಾರದ ರೇಖೆಯ ಮೂಲಕ್ಕೆ ಹೋದರೂ ಇದೇ ವ್ಯತ್ಯಾಸ ಕಾಣುತ್ತದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ಕಪ್ಪು ಪೆಟ್ಟಿಗೆಯನ್ನೂ ಬಿಳಿ ಪೆಟ್ಟಿಗೆಯನ್ನೂ ಬೇರೆಮಾಡಲು ಕಲಿಸುತ್ತ, ತಪ್ಪಿದಾಗಲೆಲ್ಲ ವಿದ್ಯುತ್ತಿನ ಪೆಟ್ಟು ಕೊಟ್ಟರು. ಸುಲಭದ ಕೆಲಸದಲ್ಲಿ ಪೆಟ್ಟು ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಕೆಲಸ ಕಠಿಣವಾದಾಗ ಮಧ್ಯಮದ ಪೆಟ್ಟೇ ಮೇಲಾಯಿತು. ಅವರು ಅಳೆದದ್ದು ಹೊರಗಿನ ಪೆಟ್ಟನ್ನು. ಅದನ್ನು ಒಳಗಿನ ಸ್ಥಿತಿಯ ರೇಖೆಯೆಂದು ಓದುವ ರೂಢಿ ಆಮೇಲೆ ಬಂದದ್ದು. ಆದುದರಿಂದ ಆ ವಿದ್ಯುತ್ತಿನ ಪೆಟ್ಟನ್ನು ‘ಉದ್ದೀಪನ’ ಎನ್ನಲು ನನ್ನ ಅಭ್ಯಂತರವಿಲ್ಲ.

ಒಳಗಿನ ಸ್ಥಿತಿಗೆ ಕಬಡ್ಡಿ ಅಂಕಣದಲ್ಲಿ ನಾವು ಬಳಸುತ್ತ ಬಂದಿರುವ ಮಾತು ‘ಕಾವು’. ನನ್ನಲ್ಲಿ ಒಬ್ಬ ರೈಡರ್ ಇದ್ದ. ಅಭ್ಯಾಸದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಪಂದ್ಯದ ದಿನ ಮಾತ್ರ ಎಡತೊಡೆ ಕೆಂಪಾಗುವವರೆಗೆ ತಟ್ಟಿಕೊಂಡು ಎದುರಿನ ಅಂಕಣಕ್ಕೆ ನುಗ್ಗುತ್ತಿದ್ದ. ಕಣ್ಣು ಬೋನಸ್ ಗೆರೆಯ ಮೇಲೆ ನೆಟ್ಟಿರುತ್ತಿತ್ತು, ಉಸಿರು ಗಂಟಲಲ್ಲೇ ಇರುತ್ತಿತ್ತು; ಎಡ ಕಾರ್ನರಿನವನು ಬಗ್ಗಿ ಪಾದಕ್ಕೆ ಕೈ ಹಾಕುವುದು ನಮಗೆಲ್ಲ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಅವನು ಮೂರನೆಯ ಸಲ ಹಾಗೆ ಸಿಕ್ಕಿಬಿದ್ದಾಗ ಹತ್ತಿರ ಕರೆದು, ‘ಕಾವು ಹೆಚ್ಚಾತು ನಿಂದು, ನಾಕು ಉಸಿರು ನಿಧಾನ ಬಿಟ್ಟು ಇಳಿಸ್ಕೊ, ಆಮ್ಯಾಲ ಹೋಗು’ ಎಂದೆ. ಅವನು ಅರ್ಥ ಕೇಳಲಿಲ್ಲ. ನೆಲ ನೋಡುತ್ತ ನಾಲ್ಕು ಉಸಿರು ಬಿಟ್ಟು ಹೋದ, ಆ ಕಾರ್ನರಿನವನನ್ನೇ ಮುಟ್ಟಿ ಬಂದ. ಬಿಗಿ ಹೆಚ್ಚಿದಂತೆ ನೋಟದ ಹರವು ಕಿರಿದಾಗುತ್ತದೆ ಎಂದು ಮನೋವಿಜ್ಞಾನದ ಪುಸ್ತಕದಲ್ಲಿ ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಈ ಪದದ ಗುಣ ಎಲ್ಲಿದೆಯೆಂದರೆ ಅದರ ಕ್ರಿಯಾಪದಗಳಲ್ಲಿ. ಕಾವು ಏರುತ್ತದೆ, ಇಳಿಯುತ್ತದೆ, ಆರುತ್ತದೆ; ಸಾಲದೆ ಇರಬಹುದು, ಮಿತಿಮೀರಬಹುದು. ಅಳತೆಯನ್ನು ಹೇಳುವ ಪದಕ್ಕೆ ಇದು ಬೇಕೇಬೇಕು. ‘ಕೆರಳಿಕೆ’ಯನ್ನು ಹೀಗೆ ಏರಿಸಿ ಇಳಿಸಲು ಬರುವುದಿಲ್ಲ, ಮೇಲಾಗಿ ಅದರಲ್ಲಿ ಸಿಟ್ಟು ಸೇರಿಕೊಂಡಿದೆ; ಅಷ್ಟರಮಟ್ಟಿಗೆ ಗುರುಗಳ ಮಾತು ಸರಿ. ಬೆಂಗಳೂರಿನವರಿಗೂ ಸಮಾಧಾನವಾಗಲಿ: ಕಾಯ್ ಧಾತುವಿನಿಂದ ಬಂದ ಕಾವು ಅಚ್ಚಗನ್ನಡವೇ.

ರೇಖೆಯ ನೆತ್ತಿಗೆ ‘ಹದ’ ಎನ್ನಿ. ಪಾಕಕ್ಕೆ ಹದವಿದೆ, ಬಿತ್ತುವ ನೆಲಕ್ಕೆ ಹದವಿದೆ, ಆಟಗಾರನ ಕಾವಿಗೂ ಹದವಿದೆ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ವಲಯವಿರುತ್ತದೆಂದು ಸೋವಿಯತ್ ಮನೋವಿಜ್ಞಾನಿ ಯೂರಿ ಹಾನಿನ್ ಹೇಳಿದ್ದನ್ನು ‘ಅವರವರ ಹದ’ ಎಂಬ ಎರಡು ಮಾತಿನಲ್ಲಿ ಹೇಳಬಹುದು. ಆಟದಿಂದ ಆಟಕ್ಕೂ ಇದು ಬೇರೆಯಾಗುತ್ತದೆ. ಪೈಲ್ವಾನನಿಗೆ ಕುಸ್ತಿಯ ಕಣಕ್ಕೆ ಇಳಿಯುವಾಗ ಬೇಕಾದ ಕಾವು ಗುರಿಕಾರನಿಗೆ ಬಂದರೆ ಬಂದೂಕಿನ ತುದಿ ನಿಲ್ಲುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಹತ್ತು ಮೀಟರ್ ಏರ್ ರೈಫಲ್ ಫೈನಲಿನಲ್ಲಿ ಕೊನೆಯ ಗುಂಡಿಗೆ ಮುನ್ನ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹಾಕಿನೆನ್ ಸರಿಸಮವಾಗಿದ್ದರು. ಆ ಗುಂಡಿಗೆ ಬಿಂದ್ರಾ 10.8 ಗಳಿಸಿದರು, ಹಾಕಿನೆನ್ 9.7ಕ್ಕೆ ಇಳಿದರು. ನಿಮ್ಮ ಅಧ್ಯಾಯದಲ್ಲಿ ಉದಾಹರಣೆಗೆ ಜಾಗವಿದ್ದರೆ ಇದನ್ನು ಸೇರಿಸಿ, ಮಕ್ಕಳಿಗೆ ನಾಟುತ್ತದೆ.

ಇನ್ನು ಫಲಕ. ಸಂಧಿಯನ್ನು ತಿದ್ದಿದ ಗುರುಗಳು ಅದರ ಪಕ್ಕದಲ್ಲಿರುವ ‘ತರಬೇತಿ’ಯನ್ನು ಮುಟ್ಟಲಿಲ್ಲ. ಅದು ಅರಬ್ಬಿಯ ತರ್ಬಿಯತ್. ಕುಸ್ತಿ, ಪೈಲ್ವಾನ, ಉಸ್ತಾದ ಎಲ್ಲವೂ ಪಾರಸಿಯಿಂದ ಬಂದು ನಮ್ಮ ಗರಡಿಯ ಮಣ್ಣಿನಲ್ಲಿ ಬೆರೆತಿವೆ. ಎರವಲು ಬೇಡವೆಂದರೆ ಆಟದ ಬಗ್ಗೆ ಮಾತನಾಡುವುದನ್ನೇ ನಿಲ್ಲಿಸಬೇಕಾಗುತ್ತದೆ. ನಮ್ಮ ಕಡೆ ಮೈ ಪಳಗಿಸುವುದಕ್ಕೆ ‘ತಾಲೀಮು’ ಎನ್ನುತ್ತೇವೆ, ಅದೂ ಅರಬ್ಬಿಯೇ. ಮೈಗೆ ತಾಲೀಮು ಇರುವಂತೆ ಮನಸ್ಸಿಗೂ ಇದೆ ಎಂದು ಹುಡುಗನಿಗೆ ಬಾಗಿಲಲ್ಲೇ ತಿಳಿಯಲಿ. ‘ಮನಸ್ಸಿನ ತಾಲೀಮು’ ಎಂದು ಬರೆಸಿ. ‘ಮನಃಸ್ಥೈರ್ಯ’ ಎಂದರೆ ಅದಿಲ್ಲದವರು ಹೋಗುವ ಚಿಕಿತ್ಸೆಯ ಕೋಣೆಯೆಂದು ಬಗೆದು ಯಾರೂ ಒಳಗೆ ಬರುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ನಿವೃತ್ತ ಅಧ್ಯಾಪಕ, ಮೈಸೂರು

ವಿಭಾವದ ಮಾತನ್ನು ಒಪ್ಪುತ್ತೇನೆ, ನಾನು ಅವಸರಪಟ್ಟೆ. ಆದರೆ ‘ಕಾವು’ ಶಾಸ್ತ್ರಪದವಾಗಲಾರದು. ಕೋಳಿ ಮೊಟ್ಟೆಗೆ ಕೂರುವುದೂ ಕಾವು, ಚುನಾವಣೆಯದ್ದೂ ಕಾವು. ಪರಿಭಾಷೆಗೆ ಏಕಾರ್ಥ ಇರಬೇಕು.

ಅನುವಾದಕಿ, ಶಿವಮೊಗ್ಗ

ಎಲ್ಲರಿಗೂ ವಂದನೆಗಳು. ಗುರುಗಳೇ, ಏಕಾರ್ಥದ ನಿಯಮವನ್ನು ನಾನೂ ಗೌರವಿಸುತ್ತೇನೆ. ಆದರೆ ಇದು ಪರೀಕ್ಷೆಗೆ ಓದುವ ಪುಸ್ತಕವಲ್ಲ, ಅಂಕಣದ ಅಂಚಿನಲ್ಲಿ ನಿಂತು ಒಂದು ಉಸಿರಿನಲ್ಲಿ ಹೇಳಬೇಕಾದ ಮಾತುಗಳ ಪುಸ್ತಕ. ನಿನ್ನೆ ಸಂಜೆ ಇಲ್ಲಿನ ಖೊಖೊ ತರಬೇತುದಾರರೊಬ್ಬರಿಗೆ ಮೂರು ಪದಗಳನ್ನೂ ಓದಿ ಹೇಳಿದೆ. ಮೊದಲ ಎರಡಕ್ಕೆ ಅವರು ಸುಮ್ಮನಿದ್ದರು. ‘ಕಾವು’ ಎಂದೊಡನೆ, ‘ಹೌದು, ನಮ್ಮ ಹುಡುಗಿಯರಿಗೆ ಮೊದಲ ಇನಿಂಗ್ಸ್‌ನಲ್ಲಿ ಅದು ಬರೋದೇ ಇಲ್ಲ’ ಎಂದು ಮಾತು ಮುಂದುವರಿಸಿದರು.

ಆದುದರಿಂದ ‘ಅರೌಸಲ್’ಗೆ ಕಾವು, ರೇಖೆಯ ನೆತ್ತಿಗೆ ಹದ, 1908ರ ಪ್ರಯೋಗದ ವಿದ್ಯುತ್ ಆಘಾತಕ್ಕೆ ಮಾತ್ರ ಉದ್ದೀಪನ ಎಂದು ತಿದ್ದಿದ್ದೇನೆ. ಫಲಕದಲ್ಲಿ ‘ಮನಸ್ಸಿನ ತಾಲೀಮು’ ಎಂದು ಬರೆಸಲು ಒಪ್ಪಿದ್ದಾರೆ. ಬೆಂಗಳೂರಿನವರ ‘ಬಗೆ’ಯನ್ನೂ ನಾನು ಬಿಟ್ಟಿಲ್ಲ. ಆಡುವ ಮುನ್ನ ಆಟವನ್ನು ಒಳಗೇ ಕಂಡುಕೊಳ್ಳುವ ಅಭ್ಯಾಸಕ್ಕೆ, ಅಂದರೆ ಆರನೆಯ ಅಧ್ಯಾಯದ ‘ಇಮೇಜರಿ’ಗೆ, ‘ಬಗೆಗಣ್ಣಿನ ಅಭ್ಯಾಸ’ ಎಂದು ಬರೆದಿದ್ದೇನೆ. ಇದಕ್ಕೆ ಆಕ್ಷೇಪವಿದ್ದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.