ಎರಡು ಆರ್, ಒಂದು ಎಚ್: ಉದ್ದನೆಯ ವೈದ್ಯಕೀಯ ಪದಗಳ ಸ್ಪೆಲ್ಲಿಂಗ್ ಹಿಡಿಯುವುದು ಹೇಗೆ?

ಕೇಳಿದವರು: ತಂಗಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈ ವರ್ಷ ನರ್ಸಿಂಗ್ ಸೇರಿದ್ದಾಳೆ. ಡಯೇರಿಯಾ, ಹೆಮರೇಜ್, ಅಮೆನೋರಿಯಾ ಥರದ ಪದಗಳಲ್ಲಿ ಆರ್ ಎಷ್ಟು, ಎಚ್ ಎಲ್ಲಿ ಅಂತ ಪ್ರತಿ ಸಲ ತಪ್ಪುತ್ತಾಳೆ. ಉರು ಹೊಡೆದರೂ ನಿಲ್ಲುತ್ತಿಲ್ಲ. ಪಾಠ ಮಾಡುವವರು, ವಾರ್ಡಿನಲ್ಲಿ ಇರುವವರು ದಯವಿಟ್ಟು ದಾರಿ ಹೇಳಿ.

ನರ್ಸಿಂಗ್ ಬೋಧಕಿ: ಉರು ಹೊಡೆಯೋದು ಬಿಟ್ಟು, ಸಂಧಿ ಬಿಡಿಸಿದ ಹಾಗೆ ಬಿಡಿಸಿ ಓದಲು ಹೇಳಿ. ಇವೆಲ್ಲ ಗ್ರೀಕ್ ತುಂಡುಗಳಿಂದ ಕಟ್ಟಿದ ಪದಗಳು. ಗ್ರೀಕಿನಲ್ಲಿ ಪದದ ಶುರುವಿನ ಆರ್ ಜೊತೆಗೆ ಉಸಿರೂ ಇರುತ್ತದೆ. ಆ ಉಸಿರನ್ನೇ ಇಂಗ್ಲಿಷಿನಲ್ಲಿ ಎಚ್ ಆಗಿ ಬರೆಯುತ್ತಾರೆ. ರಿದಮ್, ರೈನೈಟಿಸ್ (ಮೂಗಿನ ಉರಿಯೂತ) ಎರಡೂ ಶುರುವಾಗುವುದು ಆರ್-ಎಚ್‌ನಿಂದಲೇ. ಇದರ ಹಿಂದೆ ಸ್ವರದಲ್ಲಿ ಮುಗಿಯುವ ತುಂಡು ಬಂದು ಕೂತರೆ ಆರ್ ಎರಡಾಗುತ್ತದೆ. ರಿದಮ್‌ಗೆ ‘ಇಲ್ಲ’ ಎನ್ನುವ ಎ ಸೇರಿದರೆ ಅರಿದ್ಮಿಯಾ, ಅಂದರೆ ಹೃದಯದ ಬಡಿತ ತಾಳ ತಪ್ಪಿದ್ದು: ಎ-ಆರ್-ಆರ್-ಎಚ್-ವೈ-ಟಿ-ಎಚ್-ಎಂ-ಐ-ಎ. ಎಚ್ ಯಾವತ್ತೂ ಎರಡನೇ ಆರ್ ಆದಮೇಲೆ, ನಡುವೆ ಅಲ್ಲ.

ಆಮೇಲೆ ಎಚ್ ಮುಂದೆ ಏನಿದೆ ನೋಡಲಿ, ಅರ್ಥ ಅಲ್ಲೇ ಸಿಗುತ್ತದೆ. ಓ-ಇ-ಎ ಇದ್ದರೆ ಹರಿವು: ಡಯೇರಿಯಾ (ಭೇದಿ, ಡಯಾ ಅಂದರೆ ಮೂಲಕ), ರೈನೋರಿಯಾ (ಮೂಗು ಸೋರುವುದು), ಓಟೋರಿಯಾ (ಕಿವಿ ಸೋರುವುದು), ಲ್ಯೂಕೋರಿಯಾ (ಬಿಳಿ ಸೆರಗು), ಅಮೆನೋರಿಯಾ (ಮುಟ್ಟು ನಿಂತಿರುವುದು), ಡಿಸ್‌ಮೆನೋರಿಯಾ (ನೋವಿನ ಮುಟ್ಟು). ಎ-ಜಿ ಇದ್ದರೆ ಒಡೆದು ನುಗ್ಗುವುದು: ಹೆಮರೇಜ್ ಅಂದರೆ ರಕ್ತಸ್ರಾವ, ಮೆನೊರೇಜಿಯಾ ಅಂದರೆ ಅತಿಯಾದ ಮುಟ್ಟು. ಎ-ಪಿ-ಎಚ್-ವೈ ಇದ್ದರೆ ಹೊಲಿಗೆ: ಹರ್ನಿಯೊರಫಿ. ಡಿಸ್‌ಮೆನೋರಿಯಾ ಮತ್ತು ಮೆನೊರೇಜಿಯಾ ಒಂದೇ ಅಂತ ಉತ್ತರ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಒಂದು ನೋವಿನ ಮಾತು, ಇನ್ನೊಂದು ರಕ್ತದ ಪ್ರಮಾಣದ ಮಾತು.

ಎರಡು ಪದಗಳ ಬಗ್ಗೆ ಎಚ್ಚರ. ಯಕೃತ್ತಿನ ಕಾಯಿಲೆ ಸಿರೋಸಿಸ್‌ನಲ್ಲೂ ಈ ಮೂರು ಅಕ್ಷರ ಇವೆ, ಆದರೆ ಹರಿವಿಗೂ ಅದಕ್ಕೂ ಸಂಬಂಧವಿಲ್ಲ. ಹಳದಿ ಮಿಶ್ರಿತ ಕಂದು ಎನ್ನುವ ಗ್ರೀಕ್ ಪದದಿಂದ ಫ್ರೆಂಚ್ ವೈದ್ಯ ಲೆನೆಕ್ 1819ರಲ್ಲಿ ಕೊಟ್ಟ ಹೆಸರು ಅದು, ರೋಗಿಯ ಯಕೃತ್ತಿನ ಬಣ್ಣ ನೋಡಿ. ಇಎನ್‌ಟಿ (ಕಿವಿ, ಮೂಗು, ಗಂಟಲು) ವಿಭಾಗದ 19 ಅಕ್ಷರದ ಹೆಸರು ಓಟೋರೈನೋಲ್ಯಾರಿಂಗಾಲಜಿಯಲ್ಲಿ ನಿಯಮ ಮುರಿದಿದೆ, ಅಲ್ಲಿ ಎಚ್ ಹಿಂದಿನ ಆರ್ ಒಂದೇ.

ಓಟಿ (ಆಪರೇಷನ್ ಥಿಯೇಟರ್) ಸ್ಟಾಫ್: ಆರ್-ಆರ್-ಎಚ್ ತಪ್ಪಾದರೆ ಅಂಕ ಹೋಗುತ್ತದೆ. ಬಾಲದ ಟಿ-ಓ-ಎಂ-ವೈ ತಪ್ಪಾದರೆ ಆಪರೇಷನ್ನೇ ಬೇರೆಯಾಗುತ್ತದೆ. ಬರೀ ಟಮಿ ಅಂದರೆ ಕೊಯ್ದು ತೆರೆಯುವುದು. ಹಿಂದೆ ಎಸ್ ಸೇರಿದರೆ ದಾರಿ ಅಥವಾ ಬಾಯಿ ಮಾಡಿ ಬಿಡುವುದು. ಇ-ಸಿ ಸೇರಿದರೆ ತೆಗೆದುಹಾಕುವುದು. ನೆಫ್ರಾಟಮಿ ಕಿಡ್ನಿ ಕೊಯ್ಯುವುದು, ನೆಫ್ರಾಸ್ಟಮಿ ಕಿಡ್ನಿಯಿಂದ ಮೂತ್ರ ಹೊರಬರಲು ಕೊಳವೆ ಇಡುವುದು, ನೆಫ್ರೆಕ್ಟಮಿ ಕಿಡ್ನಿಯನ್ನೇ ತೆಗೆಯುವುದು. ಆಪರೇಷನ್ ಲಿಸ್ಟ್ ಬರೆಯುವಾಗ ಮೂರು ತುಂಡನ್ನೂ ಬಾಯಲ್ಲಿ ಹೇಳಿಕೊಂಡೇ ಬರೆಯಲಿ.

ಹರ್ನಿಯಾದಲ್ಲೂ ಹೀಗೇ. ಹರ್ನಿಯಾಟಮಿ ಎಂದರೆ ಕೊಯ್ದು ತೆರೆದು ಹರ್ನಿಯಾದ ಚೀಲ ತೆಗೆಯುವುದಷ್ಟೇ, ಮಕ್ಕಳಿಗೆ ಅದು ಸಾಕಾಗುತ್ತದೆ. ಹರ್ನಿಯೊರಫಿಯಲ್ಲಿ ಹೊಲಿಗೆ ಹಾಕುತ್ತಾರೆ. ಹರ್ನಿಯೊಪ್ಲಾಸ್ಟಿಗೆ ಮೆಶ್ (ಬಲೆ) ಬೇಕು. ಯಾವ ಪದ ಬರೆದಿದೆ ಅನ್ನೋದರ ಮೇಲೆ ಉಪಕರಣಗಳ ಟ್ರಾಲಿ ಸಿದ್ಧವಾಗುತ್ತದೆ.

ಇಂಗ್ಲಿಷ್ ಮೇಷ್ಟ್ರು: ಮೇಡಂ ಹೇಳಿದ್ದು ಸರಿ. ಅದರ ಜೊತೆಗೆ ಒಂದು ಮಾತು: ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯಬಾರದು. ಡಿಸ್‌ಫೇಜಿಯಾ ಅಂತ ಬರೆದಿಟ್ಟರೆ ನುಂಗಲಾಗದ್ದೋ (ಜಿ), ಮಾತು ಕೆಟ್ಟದ್ದೋ (ಎಸ್) ತಿಳಿಯುವುದಿಲ್ಲ, ನಮ್ಮ ಜ ಎರಡನ್ನೂ ನುಂಗುತ್ತದೆ. ಪಾರ್ಶ್ವವಾಯು ಆದವರಿಗೆ ಎರಡೂ ಬರಬಹುದು. ನುಂಗಲಾಗದವರಿಗೆ ಬಾಯಿಗೆ ನೀರು ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯಬಹುದು. ಇಲಿಯಂ ಕೂಡ ಹಾಗೆ: ನಡುವೆ ಇ ಇದ್ದರೆ ಸಣ್ಣಕರುಳಿನ ಕೊನೆಯ ಭಾಗ, ಐ ಇದ್ದರೆ ಸೊಂಟದ ಮೂಳೆ. ಆರ್ಥ್ರೈಟಿಸ್ ಅನ್ನು ನಾವು ‘ಆರ್ಥರೈಟಿಸ್’ ಅನ್ನುವುದರಿಂದ ಟಿ-ಎಚ್ ಆದಮೇಲೆ ಇಲ್ಲದ ಸ್ವರ ನುಸುಳುತ್ತದೆ. ಆಫ್ತಾಲ್ಮಾಲಜಿ, ಡಿಫ್ತೀರಿಯಾಗಳಲ್ಲಿ ಪಿ-ಎಚ್-ಟಿ-ಎಚ್ ನಾಲ್ಕೂ ಬೇಕು. ‘ಪ್ತ’ ಎಂದು ಉಚ್ಚರಿಸುವವರು ಮೊದಲ ಎಚ್ ಬಿಡುತ್ತಾರೆ.

ಅಭ್ಯಾಸಕ್ಕೆ ದಿನಕ್ಕೆ 5 ಪದ ಸಾಕು. ಪುಟದಲ್ಲಿ ಮೂರು ಕಂಬ ಎಳೆದು, ಮೊದಲಿನದರಲ್ಲಿ ಪೂರ್ತಿ ಪದ, ಎರಡನೆಯದರಲ್ಲಿ ಗೆರೆ ಹಾಕಿ ಕತ್ತರಿಸಿದ ತುಂಡುಗಳು, ಮೂರನೆಯದರಲ್ಲಿ ಕನ್ನಡ ಅರ್ಥ. ಅರ್ಥ ಹೇಳುವಾಗ ಬಾಲದಿಂದ ಶುರು ಮಾಡಲಿ. ಕೊಲೆ (ಪಿತ್ತ), ಸಿಸ್ಟ್ (ಚೀಲ), ಎಕ್ಟಮಿ (ತೆಗೆಯುವುದು) ಸೇರಿ ಕೊಲೆಸಿಸ್ಟೆಕ್ಟಮಿ: ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆ, 15 ಅಕ್ಷರ. ಮರುದಿನ ಮೂರನೇ ಕಂಬ ಮಾತ್ರ ನೋಡಿ ಮೊದಲನೆಯದನ್ನು ಬರೆಯಬೇಕು, ಅಲ್ಲೇ ನಿಜವಾದ ಪರೀಕ್ಷೆ.

ತುಂಡುಗಳ ನಡುವಿನ ಓ ಯಾವಾಗ ಉಳಿಯುತ್ತದೆ ಅನ್ನುವುದೂ ಗೊತ್ತಿರಲಿ. ಬಾಲ ಸ್ವರದಿಂದ ಶುರುವಾದರೆ ಓ ಬೀಳುತ್ತದೆ: ಗ್ಯಾಸ್ಟ್ರೈಟಿಸ್. ವ್ಯಂಜನವಾದರೆ ಉಳಿಯುತ್ತದೆ: ಗ್ಯಾಸ್ಟ್ರೋಸ್ಕೋಪಿ. ಎರಡು ಅಂಗಗಳ ಹೆಸರು ಕೂಡಿದಾಗ ಮಾತ್ರ, ಮುಂದೆ ಸ್ವರವಿದ್ದರೂ ಸಾಮಾನ್ಯವಾಗಿ ಉಳಿಯುತ್ತದೆ: ಗ್ಯಾಸ್ಟ್ರೋಎಂಟರೈಟಿಸ್.

ಪದಬಂಧ ಪ್ರಿಯರು: ಉದ್ದದ ಪದ ಕಂಡರೆ ಹೆದರದಿರಲು 45 ಅಕ್ಷರದ ನ್ಯುಮೋನೋ-ಅಲ್ಟ್ರಾ-ಮೈಕ್ರೋಸ್ಕೋಪಿಕ್-ಸಿಲಿಕೋ-ವಾಲ್ಕೆನೋ-ಕೋನಿಯೋಸಿಸ್ ಬಿಡಿಸಲಿ: ಶ್ವಾಸಕೋಶ, ಅತಿ, ಸೂಕ್ಷ್ಮ, ಸಿಲಿಕಾ, ಜ್ವಾಲಾಮುಖಿ, ಧೂಳಿನ ಕಾಯಿಲೆ. 1935ರಲ್ಲಿ ಅಮೆರಿಕದ ಪದಬಂಧ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಉದ್ದಕ್ಕಾಗಿಯೇ ಕಟ್ಟಿದ್ದು. ವೈದ್ಯರು ಬಳಸುವುದು ಸಿಲಿಕೋಸಿಸ್ ಅಂತಲೇ, ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ಕಾಯಿಲೆ ಅದು. ಶುರುವಿನ ಪಿ ಉಚ್ಚಾರವಾಗುವುದಿಲ್ಲ. ಅದೇ ಪಿ-ಎನ್ ಪದದ ಒಳಗೆ ಹೋದರೆ ಪಿ ಕೇಳಿಸುತ್ತದೆ: ಆಪ್ನಿಯಾ (ಉಸಿರು ನಿಲ್ಲುವುದು), ಡಿಸ್ಪ್ನಿಯಾ (ಉಸಿರಾಟದ ಕಷ್ಟ).

ಕೇಳಿದವರು: ಎಲ್ಲರಿಗೂ ಧನ್ಯವಾದ. ಒಂದು ಪುಸ್ತಕದಲ್ಲಿ ಡಯೇರಿಯಾ ಕೊನೆಗೆ ಓ-ಇ-ಎ, ಇನ್ನೊಂದರಲ್ಲಿ ಬರೀ ಇ-ಎ. ಯಾವುದು ಸರಿ?

ನರ್ಸಿಂಗ್ ಬೋಧಕಿ: ಎರಡೂ ಸರಿ. ಮೊದಲನೆಯದು ಬ್ರಿಟಿಷ್, ಎರಡನೆಯದು ಅಮೆರಿಕನ್. ಅನೀಮಿಯಾ, ಹೆಮರೇಜ್‌ಗಳ ಎ-ಇ ಕೂಡ ಅಮೆರಿಕದಲ್ಲಿ ಇ ಮಾತ್ರ. ಎಡಿಮಾ (ಊತ), ಈಸೊಫೇಗಸ್ (ಅನ್ನನಾಳ) ಬ್ರಿಟಿಷ್ ರೀತಿಯಲ್ಲಿ ಓ ಇಂದ ಶುರುವಾಗುತ್ತವೆ, ಹಾಗಾಗಿ ನಿಘಂಟಿನಲ್ಲಿ ಇ ಕೆಳಗೆ ಸಿಗದಿದ್ದರೆ ಓ ಕೆಳಗೆ ಹುಡುಕಲಿ. ಕಾಲೇಜಿನಲ್ಲಿ ಯಾವ ಪಠ್ಯ ಹಿಡಿದಿದ್ದಾರೋ ಅದರ ರೀತಿಯನ್ನೇ ಉತ್ತರ ಪತ್ರಿಕೆಯಲ್ಲಿ ಕೊನೆಯವರೆಗೂ ಇಟ್ಟುಕೊಳ್ಳಲಿ. ಎರಡೂ ರೀತಿಯಲ್ಲಿ ಆರ್-ಆರ್-ಎಚ್ ಮಾತ್ರ ಹಾಗೆಯೇ ಇರುತ್ತದೆ.